ಇಟಲಿಯಲ್ಲಿ ಟಿಕೆಟ್ ಇದ್ದೂ ದಂಡ ಕಟ್ಟಿದೆವು, ನೀವು ಕಟ್ಟಬೇಡಿ

ಇಟಲಿಗೆ ಹೊರಟವರು, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟವರು, ದಯವಿಟ್ಟು ಇದನ್ನು ಓದಿ. ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಹೋಗುವಾಗ ಕೈಯಲ್ಲಿ ಮೂರು ಟಿಕೆಟ್ ಹಿಡಿದುಕೊಂಡೇ ನಾವು ದಂಡ ಕಟ್ಟಿದೆವು. ತಲಾ 50 ಯೂರೋ.

ಹಿಂದಿನ ದಿನ ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಬಂದಿದ್ದೆವು. ಸುಮಾರು ಒಂದೂವರೆ ಗಂಟೆ. ಆ ಟಿಕೆಟ್‌ನಲ್ಲಿ ರೈಲು, ಸಮಯ, ಸೀಟು ಎಲ್ಲಾ ಇರುತ್ತದೆ. ಹತ್ತಿ ಕೂತರೆ ಆಯ್ತು. ಪೀಸಾ ರೈಲೂ ಹಾಗೇ ಅಂದುಕೊಂಡೆ. ಎಡವಿದ್ದು ಅಲ್ಲೇ. ಅದು 'ರೆಜೊನಾಲೆ', ಅಂದರೆ ಊರೂರಿಗೆ ನಿಲ್ಲುವ ರೈಲು. ಅದರ ಕಾಗದದ ಟಿಕೆಟ್‌ನಲ್ಲಿ ಸೀಟಿಲ್ಲ, ಇಂಥದ್ದೇ ರೈಲು ಅಂತಲೂ ಇಲ್ಲ. ಹತ್ತುವ ಮುಂಚೆ ನಾವೇ ಪ್ಲಾಟ್‌ಫಾರ್ಮ್ ಹತ್ತಿರದ ಪುಟ್ಟ ಯಂತ್ರಕ್ಕೆ ಅದನ್ನು ತೂರಿಸಿ ತಾರೀಖು, ಸಮಯ ಒತ್ತಿಸಬೇಕು. ಒತ್ತಿಸದಿದ್ದರೆ ಅದೇ ಟಿಕೆಟ್‌ನಲ್ಲಿ ಇನ್ನೊಮ್ಮೆ ಓಡಾಡಬಹುದಲ್ವಾ, ಅದಕ್ಕೇ ಈ ನಿಯಮ. ನಮ್ಮಲ್ಲಿ ಕೌಂಟರ್‌ನಲ್ಲಿ ಟಿಕೆಟ್ ಕೊಂಡರೆ ಕೆಲಸ ಮುಗಿಯಿತು. ಹಾಗಾಗಿ ನಮಗೆ ಇದು ಹೊಳೆಯುವುದೇ ಇಲ್ಲ.

ದಾರಿಯಲ್ಲಿ ಸಿಗುವ ಎಂಪೋಲಿ ಅನ್ನುವ ಊರು ದಾಟಿದ ಮೇಲೆ ಟಿಕೆಟ್ ತಪಾಸಣೆಯವರು ಬಂದರು. ಅಮ್ಮ ಪರ್ಸ್‌ನಿಂದ ಮೂರೂ ಟಿಕೆಟ್ ತೆಗೆದು ಸಂತೋಷವಾಗಿ ಕೊಟ್ಟರು. ತಪಾಸಣೆಯವರು ತಿರುಗಿಸಿ ನೋಡಿದರು. ಒಂದು ಖಾಲಿ ಜಾಗದ ಮೇಲೆ ಬೆರಳಿಟ್ಟು ತೋರಿಸಿದರು. ಗೊತ್ತಿರಲಿಲ್ಲ ಅಂದೆವು. ತಲೆಯಾಡಿಸಿ ರಸೀದಿ ಬರೆಯಲು ಶುರುಮಾಡಿದರು. ಒಂಬತ್ತು ಯೂರೋ ಚಿಲ್ಲರೆಯ ಟಿಕೆಟ್‌ಗೆ ಐವತ್ತು. ದುಡ್ಡು ಹೋಗಲಿ. ಇಡೀ ಬೋಗಿ ನೋಡುತ್ತಿತ್ತು. "ಎಪ್ಪತ್ತು ವರ್ಷದಲ್ಲಿ ಒಂದು ಸಲವೂ ಟಿಕೆಟ್ ಇಲ್ಲದೆ ಹತ್ತಿದವಳಲ್ಲ ಕಣೋ" ಅಂತ ಅಮ್ಮ ಕಣ್ಣೊರೆಸಿಕೊಂಡರು. ಆಮೇಲೆ ಪೀಸಾದ ತನಕ ಮಾತಿಲ್ಲ. 1173ರಲ್ಲಿ ಕಟ್ಟಲು ಶುರುಮಾಡಿದ ಆ ವಾಲಿದ ಗೋಪುರದ ಮುಂದೆ ನಿಂತರೂ ಅವರ ಮುಖ ಅರಳಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಟಿಕೆಟ್ ಕೊಂಡ ತಕ್ಷಣ ಆ ಯಂತ್ರ ಎಲ್ಲಿದೆ ನೋಡಿಕೊಳ್ಳಿ. ಅದನ್ನು ಹುಡುಕಲು ಐದು ನಿಮಿಷ ಜಾಸ್ತಿ ಇಟ್ಟುಕೊಂಡು ಸ್ಟೇಷನ್‌ಗೆ ಹೋಗಿ. ಕರ್ರ್ ಅಂತ ಸದ್ದು ಬಂತು ಅಂತ ಸುಮ್ನೆ ನಡೆಯಬೇಡಿ. ಟಿಕೆಟ್ ಮೇಲೆ ಅಕ್ಷರ ಮೂಡಿದೆಯಾ ಅಂತ ಕಣ್ಣಾರೆ ನೋಡಿ. ಎಷ್ಟು ಜನರಿದ್ದೀರೋ ಅಷ್ಟೂ ಟಿಕೆಟ್ ಒತ್ತಿಸಿ. ಯಂತ್ರ ಕೆಟ್ಟಿದ್ದರೆ ಪೆನ್ನಿನಲ್ಲೇ ತಾರೀಖು, ಸಮಯ, ಸ್ಟೇಷನ್ ಹೆಸರು ಬರೆದು, ರೈಲು ಹತ್ತಿದ ಕೂಡಲೇ ನೀವೇ ಸಿಬ್ಬಂದಿಯನ್ನು ಹುಡುಕಿ ಹೇಳಿ. ಅವರು ಬರುವ ತನಕ ಕಾಯಬೇಡಿ. ಮೊಬೈಲ್‌ನಲ್ಲಿ ಕೊಂಡ ಟಿಕೆಟ್ ಆದರೂ ಹತ್ತುವ ಮುಂಚೆ ಚೆಕ್-ಇನ್, ಅಂದರೆ ಫೋನಿನಲ್ಲೇ ಟಿಕೆಟ್ ಚಾಲೂ ಮಾಡುವುದು, ಇದೆಯಾ ನೋಡಿ.

ಸಂಜೆ ವಾಪಸ್ ಹೊರಡುವಾಗ ಪೀಸಾ ಸ್ಟೇಷನ್‌ನಲ್ಲಿ ಅಮ್ಮ ರೈಲು ಹುಡುಕಲಿಲ್ಲ, ಮೊದಲು ಆ ಯಂತ್ರವನ್ನು ಹುಡುಕಿದರು. ಮೂರೂ ಟಿಕೆಟ್ ಒಂದೊಂದಾಗಿ ತಾವೇ ತೂರಿಸಿ, ಕನ್ನಡಕ ಏರಿಸಿ ಓದಿ, ಆಮೇಲೇ ಪರ್ಸ್‌ಗೆ ಹಾಕಿದರು.