ಮೂರು ದಾಳಕ್ಕೆ ಎಂಟು ಅಕ್ಷರ: ಜೆ, ಪೈಥಾನ್, ಶಫ್, ಆಕ್, ಪರ್ಲ್

ಟೇಬಲ್‌ಟಾಪ್ ಆಟಕ್ಕೆ ದಾಳ ಉರುಳಿಸುವ ಕೋಡನ್ನು ಎಷ್ಟು ಚಿಕ್ಕದು ಮಾಡಬಹುದು ಅನ್ನೋದು ಪ್ರೋಗ್ರಾಮರ್‌ಗಳ ಹಳೇ ಚಟ. ನನಗೂ ಅದು ಅಂಟಿದೆ. ಹೋಲಿಕೆಗೆ ನಾನು ಇಟ್ಟುಕೊಂಡ ಪರೀಕ್ಷೆ ಒಂದೇ: ಆರು ಮುಖದ ಮೂರು ದಾಳ ಉರುಳಿಸಿ ಮೊತ್ತ ಹೇಳಬೇಕು, ಅಂದರೆ ಆಟಗಾರರು ಹೇಳುವ 3ಡಿ6. ಮೂರರಿಂದ ಹದಿನೆಂಟರೊಳಗೆ ಯಾವುದೋ ಒಂದು ಸಂಖ್ಯೆ ಎತ್ತಿಕೊಟ್ಟರೆ ಅದು ಮೋಸ. ನಿಜವಾದ ದಾಳಗಳಲ್ಲಿ 216 ಸಾಧ್ಯತೆಗಳಿವೆ. ಅದರಲ್ಲಿ 18 ಬೀಳುವುದು ಒಂದೇ ರೀತಿಯಲ್ಲಿ, 10 ಬೀಳುವುದು 27 ರೀತಿಯಲ್ಲಿ. ಆ ಏರಿಳಿತ ಉಳಿಯಲೇಬೇಕು.

ಬರೀ ಅಕ್ಷರ ಎಣಿಸಿದರೆ ನಾನು ಇಲ್ಲಿ ಹೋಲಿಸುವವುಗಳಲ್ಲಿ ಜೆ ಭಾಷೆಯ ಹತ್ತಿರ ಯಾವುದೂ ಸುಳಿಯಲ್ಲ. ಎಪಿಎಲ್ ಭಾಷೆ ರೂಪಿಸಿದ ಕೆನೆತ್ ಐವರ್ಸನ್ ಅವರೇ ಮುಂದೆ ರೋಜರ್ ಹುಯಿ ಜೊತೆ ಸೇರಿ ಇದನ್ನೂ ಕಟ್ಟಿದ್ದು. ಪೂರ್ತಿ ಪ್ರೋಗ್ರಾಂ ಇಷ್ಟೇ:

+/1+?3#6

ಬಲದಿಂದ ಓದಿಕೊಂಡು ಬನ್ನಿ. ಮೂರು ಆರುಗಳನ್ನು ಸಾಲಾಗಿಡು, ಒಂದೊಂದನ್ನೂ ಉರುಳಿಸು, ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಎಲ್ಲಕ್ಕೂ ಒಂದು ಸೇರಿಸು, ಕೊನೆಗೆ ಎಲ್ಲ ಕೂಡಿಸು. ಪ್ರಶ್ನಾರ್ಥಕ ಚಿಹ್ನೆಯೇ ಇಲ್ಲಿ ದಾಳ. ಇನ್ನೂ ಒಂದು ಅಕ್ಷರ ಉಳಿಸುವ ಆಸೆಗೆ 3?6 ಅಂತ ಬರೆದಿರೋ, ಕೆಟ್ಟಿರಿ. ಅದು ದಾಳ ಉರುಳಿಸಲ್ಲ, ಇಸ್ಪೀಟು ಹಂಚುತ್ತದೆ: ಒಮ್ಮೆ ಬಂದ ಸಂಖ್ಯೆ ಮತ್ತೆ ಬರಲ್ಲ. ಆಗ ಮೊತ್ತ 6ಕ್ಕಿಂತ ಕೆಳಗೆ ಇಳಿಯಲ್ಲ, 15 ದಾಟಲ್ಲ. ಉತ್ತರ ನೋಡೋಕೆ ಸರಿಯಾಗೇ ಇರುವುದರಿಂದ ಯಾರಿಗೂ ಅನುಮಾನವೂ ಬರಲ್ಲ.

ಪೈಥಾನ್‌ಗೆ ಈ ಸ್ಪರ್ಧೆಯಲ್ಲಿ ಜಾಗವಿಲ್ಲ. ರ‍್ಯಾಂಡಮ್ ಮಾಡ್ಯೂಲನ್ನು from random import* ಅಂತ ಇಂಪೋರ್ಟ್ ಮಾಡುವುದಕ್ಕೇ 19 ಅಕ್ಷರ ಹೋಗುತ್ತದೆ, ಜೆ ಅಷ್ಟರಲ್ಲಿ ಎರಡು ಸಲ ಉರುಳಿಸಿ ಮುಗಿಸಿರುತ್ತದೆ. ಹಾಗಂತ ಆರು ತಿಂಗಳಾದ ಮೇಲೆ ತೆರೆದರೂ ಅರ್ಥವಾಗುವ ಕೋಡ್ ಇದೊಂದೇ.

ಲಿನಕ್ಸ್ ಟರ್ಮಿನಲ್ ಮುಂದೆ ಕೂತವರಿಗೆ ಶಫ್ ಕಮಾಂಡ್ ಕೈಗೆಟುಕುವಷ್ಟು ಹತ್ತಿರ. ಒಂದರಿಂದ ಆರರವರೆಗೆ, ಮೂರು ಸಲ ಅಂದರೆ 15 ಅಕ್ಷರದಲ್ಲಿ ಕೆಲಸ ಆಯಿತು. ಕೂಡಿಸಿ ಕೊಡಲ್ಲ, ಒಂದೊಂದು ದಾಳವನ್ನೂ ಒಂದೊಂದು ಸಾಲಿನಲ್ಲಿ ತೋರಿಸುತ್ತದೆ. ಎಷ್ಟು ಆರು ಬಿತ್ತು ಅಂತ ಎಣಿಸುವ ಆಟಗಳಿಗೆ ಅದೇ ಬೇಕಾದದ್ದು. ಆದರೆ ಈ ಕಮಾಂಡ್ ಹುಟ್ಟಿದ್ದೇ ಸಾಲುಗಳನ್ನು ಕಲಸುವುದಕ್ಕೆ, ಹಾಗಾಗಿ ಆರ್ ಅನ್ನುವ ಆಪ್ಷನ್ ಬಿಟ್ಟರೆ ಇದೂ ಇಸ್ಪೀಟು ಹಂಚಲು ಶುರು ಮಾಡುತ್ತದೆ. ಪಾತ್ರ ವಹಿಸಿ ಆಡುವ ಟೇಬಲ್‌ಟಾಪ್ ಆಟ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯಲ್ಲಿ ಫೈರ್‌ಬಾಲ್ ಮಂತ್ರಕ್ಕೆ ಎಂಟು ದಾಳ, 8ಡಿ6. ಆರ್ ಇಲ್ಲದೆ ಎಂಟು ಕೇಳಿದರೆ ಶಫ್ ಆರೇ ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ, ಅದೂ ಒಂದರಿಂದ ಆರು ತಲಾ ಒಂದೊಂದು. ಯಾವಾಗ ಎಸೆದರೂ ಬೆಂಕಿಯುಂಡೆಯ ಪೆಟ್ಟು 21! ಸರಾಸರಿ 28 ಇರಬೇಕಿತ್ತು. ಜೆ ಈ ವಿಷಯದಲ್ಲಿ ಮೇಲು: ಆರರಿಂದ ಎಂಟು ಹಂಚು ಅಂದರೆ ಡೊಮೇನ್ ಎರರ್ ಕೊಟ್ಟು ನಿಲ್ಲುತ್ತದೆ.

ಪಠ್ಯ ಸಂಸ್ಕರಿಸುವ ಪುಟ್ಟ ಭಾಷೆ ಗ್ನೂ ಆಕ್ ಬಗ್ಗೆ ಒಂದೇ ಮಾತು. ಬೀಜ, ಅಂದರೆ ದಾಳದ ಸರಣಿ ಎಲ್ಲಿಂದ ಶುರುವಾಗಬೇಕು ಅಂತ ಹೇಳುವ ಸಂಖ್ಯೆ, ಹಾಕದೆ ಓಡಿಸಿದರೆ ಪ್ರತಿ ಸಲವೂ ಅದೇ ದಾಳಗಳು ಅದೇ ಕ್ರಮದಲ್ಲಿ ಬೀಳುತ್ತವೆ. ನಾವೇ ಸಂಖ್ಯೆ ಕೊಡದೆ ಬೀಜ ಹಾಕಿದರೂ ಅದು ಗಡಿಯಾರದ ಸೆಕೆಂಡಿನಿಂದ ಬಂದದ್ದು, ಒಂದೇ ಸೆಕೆಂಡಿನಲ್ಲಿ ಎರಡು ಸಲ ಓಡಿಸಿದರೆ ಎರಡಕ್ಕೂ ಒಂದೇ ಫಲ.

ಟರ್ಮಿನಲ್ ಕಮಾಂಡ್‌ಗಳನ್ನು ಓದಿ ನಡೆಸುವ ಬ್ಯಾಷ್‌ನ ರ‍್ಯಾಂಡಮ್ ವೇರಿಯಬಲ್ಲನ್ನು ಆರರಿಂದ ಭಾಗಿಸಿ ಶೇಷ ಹಿಡಿಯುವುದನ್ನು ಕಂಡರೆ ಕೆಲವರು ಮೂಗು ಮುರಿಯುತ್ತಾರೆ. ಅದು ಕೊಡುವುದು 0ಯಿಂದ 32767, ಒಟ್ಟು 32768 ಸಂಖ್ಯೆ. ಆರರಿಂದ ಸರಿಯಾಗಿ ಭಾಗವಾಗಲ್ಲ. ನಿಜ. ಎರಡು ಮುಖಗಳಿಗೆ 5462 ಅವಕಾಶ, ಉಳಿದ ನಾಲ್ಕಕ್ಕೆ 5461. ಇಷ್ಟಕ್ಕೆ ಜಗಳ ಬೇಡ, ಕೈಲಿರುವ ಪ್ಲಾಸ್ಟಿಕ್ ದಾಳ ಇದಕ್ಕಿಂತ ವಕ್ರವಾಗಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಇನ್ನು ಪರ್ಲ್. 60 ಅಕ್ಷರದ ಆಸುಪಾಸಿನ ಒಂದು ಸಾಲು ನನ್ನ ಹತ್ತಿರ ಇದೆ. ಬರುವ ಪಠ್ಯದಲ್ಲಿ ಎಲ್ಲಿ ಸಂಖ್ಯೆ, ಡಿ, ಸಂಖ್ಯೆ ಕಂಡರೂ ಅಲ್ಲೇ ಉರುಳಿಸಿ ಮೊತ್ತ ಕೂರಿಸುತ್ತದೆ. ಜೆಗಿಂತ ಏಳೆಂಟು ಪಟ್ಟು ಉದ್ದ, ಆದರೂ ನನ್ನ ಓಟು ಇದಕ್ಕೇ. ಒಮ್ಮೆ ಶುರು ಮಾಡಿಟ್ಟರೆ ಆಮೇಲೆ ಆಟದುದ್ದಕ್ಕೂ ಟೈಪ್ ಮಾಡುವುದು ನಿಯಮದಲ್ಲಿ ಬರೆದದ್ದನ್ನಷ್ಟೇ: 3ಡಿ6, 8ಡಿ6, 1ಡಿ20. ಚಿಕ್ಕದಾಗಬೇಕಿರುವುದು ಪ್ರತಿ ಸಲ ಒತ್ತುವ ಕೀಲಿಗಳು. ಕೋಡ್ ಬರೆಯುವುದು ಒಂದೇ ಸಲ ತಾನೇ? ಜೊತೆಗೆ +2 ಇದ್ದರೆ ಇದು ಮುಟ್ಟದೆ ಹಾಗೇ ಬಿಡುತ್ತದೆ. ಅದನ್ನು ಬಾಯಲ್ಲೇ ಕೂಡಿಸಿಕೊಳ್ಳುತ್ತೇನೆ.

ಪರ್ಲ್‌ನಲ್ಲಿ ಬರೆಯುವವರು ಒಂದು ನೋಡಿಕೊಳ್ಳಿ. ಎಣಿಕೆ ಇಲ್ಲೂ ಸೊನ್ನೆಯಿಂದಲೇ, ಹಾಗಾಗಿ ಕೂಡಿಸುವ ಒಂದನ್ನು 1+int rand 6 ಅಂತ ಮೊದಲಲ್ಲೇ ಇಡಿ. ಕೊನೆಯಲ್ಲಿ ಇಟ್ಟರೆ, ಆವರಣ ಹಾಕಿರದಿದ್ದರೆ, ಪರ್ಲ್ ಮೊದಲು ಆರಕ್ಕೆ ಒಂದು ಕೂಡಿಸಿ ಆಮೇಲೆ ಉರುಳಿಸುತ್ತದೆ. ಆಗ ಸಿಗುವುದು ಸೊನ್ನೆಯಿಂದ ಆರರವರೆಗಿನ ಏಳು ಮುಖದ ದಾಳ.

ಆಟದ ಪಾತ್ರ ಸೃಷ್ಟಿಸುವಾಗ ಮಾತ್ರ ಪರ್ಲ್ ಸೋಲುತ್ತದೆ. ನಾಲ್ಕು ದಾಳ ಉರುಳಿಸಿ ಅತಿ ಚಿಕ್ಕದನ್ನು ಬಿಡಬೇಕು ಅಂದರೆ ಅದರಲ್ಲಿ ವಿಂಗಡಿಸುವುದು, ಕತ್ತರಿಸುವುದು ಎಲ್ಲ ಸೇರಿ ಸಾಲು ಬೆಳೆಯುತ್ತಲೇ ಹೋಗುತ್ತದೆ. ಅಲ್ಲಿ ನಾನು ಮತ್ತೆ ಜೆ ತೆರೆಯುತ್ತೇನೆ. ಏರಿಕೆ ಕ್ರಮದಲ್ಲಿ ಜೋಡಿಸಿ ತಲೆ ಕತ್ತರಿಸಲು ಅದಕ್ಕೆ ಬೇಕಿರುವುದು ಐದೇ ಅಕ್ಷರ ಜಾಸ್ತಿ:

+/}./:~1+?4#6