ಓಪನ್-ಐ ನಾಲ್ಕು ವರ್ಷ ಬಳಸಿದ ಮೇಲೆ: ಮೊದಲು ಚಿತ್ರ, ಆಮೇಲೆ ಲೇಖನ

ನಾನು ರೇಡಿಯಾಲಜಿ ಪಾಠ ಮಾಡುತ್ತೇನೆ. ಕ್ಲಾಸಿಗೆ ಬೇಕಾದ ಎಕ್ಸ್‌ರೇ, ಸಿಟಿ ಚಿತ್ರಗಳಿಗೆ ಮೊದಲೆಲ್ಲ ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣ ಜಾಲಾಡುತ್ತಿದ್ದೆ. ಅಲ್ಲಿ ಹುಡುಕಿದಾಗ ಬರುವ ಪಟ್ಟಿಯಲ್ಲಿ ಕಣ್ಣಿಗೆ ಬೀಳುವುದು ಶೀರ್ಷಿಕೆ, ಸಾರಾಂಶ ಅಷ್ಟೇ. ಒಳಗಿನ ಚಿತ್ರ ಹೇಗಿದೆ ಅಂತ ತಿಳಿಯೋಕೆ ಒಂದೊಂದೇ ಲೇಖನ ತೆರೆಯಬೇಕು, ಹತ್ತು ತೆರೆದರೆ ಒಂದು ಕೆಲಸಕ್ಕೆ ಬರುತ್ತಿತ್ತು.

ಓಪನ್-ಐ (Open-i) ವೈದ್ಯಕೀಯ ಚಿತ್ರಗಳನ್ನು ಹುಡುಕುವ ತಾಣ. ಇದು ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನವರದು, ಪೂರ್ತಿ ಉಚಿತ. ಪೂರ್ಣ ಲೇಖನಗಳನ್ನು ಇಟ್ಟಿರುವ ಪಬ್‌ಮೆಡ್ ಸೆಂಟ್ರಲ್ ಸಂಗ್ರಹದ ಮುಕ್ತ ಲೇಖನಗಳಿಂದ ತೆಗೆದ ಸುಮಾರು 37 ಲಕ್ಷ ಚಿತ್ರಗಳಿವೆ. ಹುಡುಕಿದರೆ ಲೇಖನಗಳ ಪಟ್ಟಿ ಬರುವ ಬದಲು ಚಿತ್ರಗಳೇ ಬಂದು ನಿಲ್ಲುತ್ತವೆ. ಮಿಲಿಯರಿ ಟಿಬಿ (ಕ್ಷಯರೋಗದ ಒಂದು ರೂಪ) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಎಕ್ಸ್‌ರೇ ಮಾತ್ರ ಸಾಕು ಅಂತ ಆರಿಸಿಕೊಳ್ಳಿ. ಶ್ವಾಸಕೋಶದ ತುಂಬ ರಾಗಿ ಕಾಳು ಚೆಲ್ಲಿದ ಹಾಗಿರುವ ಫಿಲಂ ಯಾವುದು, ಅಲ್ಲದ್ದು ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಚಿತ್ರದ ಜೊತೆ ಅಡಿಬರಹವೂ ಇರುತ್ತದೆ, ಲೇಖನದಲ್ಲಿ ಆ ಚಿತ್ರದ ಬಗ್ಗೆ ಹೇಳಿದ ಸಾಲುಗಳೂ ಇರುತ್ತವೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಈ ಸಾಲುಗಳೇ. ರೋಗಿಯ ವಯಸ್ಸು, ಯಾವ ದಿನ ತೆಗೆದ ಸ್ಕ್ಯಾನ್, ಬಾಣದ ಗುರುತು ಏನು ತೋರಿಸುತ್ತಿದೆ, ಇದೆಲ್ಲ ಸಾರಾಂಶದಲ್ಲಿ ಎಲ್ಲಿ ಸಿಗಬೇಕು ಹೇಳಿ?

ಇಂಡಿಯಾನಾ ವಿಶ್ವವಿದ್ಯಾಲಯದ 7,470 ಎದೆ ಎಕ್ಸ್‌ರೇಗಳೂ ಇದರಲ್ಲಿವೆ, 3,955 ವರದಿಗಳ ಸಮೇತ. ಒಂದು ವರದಿಗೆ ಸಾಮಾನ್ಯವಾಗಿ ಎದುರಿನಿಂದ ತೆಗೆದದ್ದು ಒಂದು, ಪಕ್ಕದಿಂದ ತೆಗೆದದ್ದು ಒಂದು. ಪಿಜಿ ವಿದ್ಯಾರ್ಥಿಗಳಿಗೆ ನಾನು ಫಿಲಂ ಮಾತ್ರ ತೋರಿಸಿ ವರದಿ ಬರೆಸುತ್ತೇನೆ, ಆಮೇಲೆ ಅಸಲಿ ವರದಿ ಪಕ್ಕದಲ್ಲಿಟ್ಟು ಕೂತು ಹೋಲಿಸುತ್ತೇವೆ. ಇಷ್ಟು ಒಳ್ಳೆಯ ಅಭ್ಯಾಸ ಬೇರೆ ಯಾವ ರೀತಿಯಲ್ಲೂ ಮಾಡಿಸೋಕೆ ನನಗೆ ಆಗಿರಲಿಲ್ಲ.

ನಮ್ಮದೇ ಚಿತ್ರ ಅಪ್‌ಲೋಡ್ ಮಾಡಿ ಅಂಥದ್ದೇ ಹುಡುಕುವ ಸೌಲಭ್ಯವೂ ಇದೆ. ಇಲ್ಲಿ ಸ್ವಲ್ಪ ಹುಷಾರು. ಇಂಥ ಹುಡುಕಾಟ ಬಣ್ಣ, ಆಕಾರ, ಮೇಲ್ಮೈಯ ಹೋಲಿಕೆ ನೋಡುತ್ತದೆ. ಕಣ್ಣಿಗೆ ಒಂದೇ ಥರ ಕಂಡ ಮಾತ್ರಕ್ಕೆ ರೋಗ ಒಂದೇ ಆಗಬೇಕಿಲ್ಲ ಅಲ್ವಾ? ರೋಗನಿರ್ಣಯಕ್ಕೆ ಇದನ್ನು ನಂಬಬೇಡಿ. ರೋಗಿಯ ಹೆಸರಿರುವ ಫಿಲಂ ಅಂತೂ ಯಾವ ತಾಣಕ್ಕೂ ಹಾಕಲೇಬೇಡಿ. ಎ, ಬಿ, ಸಿ, ಡಿ ಅಂತ ನಾಲ್ಕೈದು ತುಂಡು ಸೇರಿಸಿದ ಚಿತ್ರಗಳು ಬಂದರೆ ಅಡಿಬರಹದ ಯಾವ ಭಾಗ ಯಾವ ತುಂಡಿಗೆ ಅಂತ ತಾಳ್ಮೆಯಿಂದ ಓದಬೇಕು. ಚಂದಾ ಕಟ್ಟಿ ಓದುವ ಪತ್ರಿಕೆಗಳ ಚಿತ್ರಗಳು ಇಲ್ಲಿ ಸಿಗುವುದಿಲ್ಲ, ಅವಕ್ಕೆ ಲೈಬ್ರರಿಗೇ ಹೋಗಬೇಕು.

ಇನ್ನೊಂದು ಮಾತು. ಮುಕ್ತ ಲೇಖನ ಅಂದ ಮಾತ್ರಕ್ಕೆ ಚಿತ್ರವನ್ನು ಎಲ್ಲಿ ಬೇಕಾದರೂ ಹಾಕಬಹುದು ಅಂತಲ್ಲ. ಒಂದೊಂದು ಲೇಖನದ ಲೈಸೆನ್ಸ್ ಒಂದೊಂದು ಥರ. ಸ್ಲೈಡಿಗೆ ಹಾಕುವ ಮೊದಲು ಮೂಲ ಲೇಖನ ತೆರೆದು ಲೈಸೆನ್ಸ್ ನೋಡಿಕೊಳ್ಳಿ, ಚಿತ್ರದ ಕೆಳಗೆ ಲೇಖಕರ ಹೆಸರು ಬರೆಯಿರಿ.