ಹಳೆ ಲ್ಯಾಂಡ್‌ಲೈನ್ ಸರೆಂಡರ್ ಮಾಡುವ ಮುಂಚೆ ಒಂದು ಮಳೆಗಾಲ ನೋಡಿ

ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ ಕಡೆ ಅಂಗಡಿ, ಹೋಂಸ್ಟೇ, ವರ್ಕ್‌ಶಾಪ್ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇಂಟರ್ನೆಟ್ ಮೇಲೆ ನಡೆಯುವ ಫೋನ್ ಹಾಕಿಸಿ, ಹಳೆ ಲ್ಯಾಂಡ್‌ಲೈನ್ ಸರೆಂಡರ್ ಮಾಡಿ ಎಂದು ಯಾರಾದರೂ ನಿಮ್ಮ ಅಂಗಡಿಗೆ ಬಂದರೆ ಅವತ್ತೇ ಸಹಿ ಹಾಕಬೇಡಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗುವುದು ಬೇಡ.

ನಮ್ಮದು ಪಂಪ್‌ಸೆಟ್, ಸ್ಪ್ರಿಂಕ್ಲರ್, ಸ್ಪ್ರೇಯರ್, ಪಲ್ಪರ್ ಸ್ಪೇರ್ಸ್ ಅಂಗಡಿ. ಗಿರಾಕಿಗಳು ಹೆಚ್ಚಿನವರು ಕಾಫಿ ತೋಟದವರು. ತೋಟದ ಲೆಕ್ಕಪತ್ರ ನೋಡುವ ರೈಟರ್ ಫೋನ್ ಮಾಡಿ ಯಾವ ಸಾಮಾನು, ಯಾವ ಸೈಜು ಎಂದು ಹೇಳುತ್ತಾರೆ. ನಾವು ಪ್ಯಾಕ್ ಮಾಡಿ ಬಸ್ಸಿಗೆ ಕೊಟ್ಟು ಕಳಿಸುತ್ತೇವೆ. ವ್ಯಾಪಾರದ ದೊಡ್ಡ ಪಾಲು ನಡೆಯುವುದೇ ಹೀಗೆ. 08262 ಕೋಡ್‌ನ ನಮ್ಮ ನಂಬರ್ ಎಷ್ಟೋ ತೋಟಗಳ ಆಫೀಸ್ ಗೋಡೆ ಮೇಲೆ, ಪಂಪ್‌ಹೌಸ್ ಬಾಗಿಲ ಮೇಲೆ ಬರೆದಿದೆ. ಅಪ್ಪನ ಕಾಲದ ನಂಬರ್ ಅದು.

ರಸ್ತೆ ಕೆಲಸ ಶುರುವಾದ ಮೇಲೆ ಹಳೆ ತಾಮ್ರದ ಲೈನ್‌ನಲ್ಲಿ ಕರಕರ ಸದ್ದು ಜಾಸ್ತಿಯಾಗಿತ್ತು. ಅದೇ ಹೊತ್ತಿಗೆ ಬೆಂಗಳೂರಿನ ಒಂದು ಕಂಪನಿಯ ಏಜೆಂಟ್ ಬಂದರು. ಹೆಸರು ಬೇಡ. ಕೌಂಟರ್‌ಗೆ ಒಂದು, ಗೋಡೌನ್‌ಗೆ ಒಂದು, ವರ್ಕ್‌ಶಾಪ್‌ಗೆ ಒಂದು ಫೋನ್. "ಸ್ಪೇರ್ಸ್‌ಗೆ ಒಂದು ಒತ್ತಿ, ರಿಪೇರಿಗೆ ಎರಡು ಒತ್ತಿ" ಎನ್ನುವ ವ್ಯವಸ್ಥೆ. ಎಲ್ಲ ಕರೆಯೂ ರೆಕಾರ್ಡ್ ಆಗುತ್ತದೆ. ಬಿಲ್ಲೂ ಕಡಿಮೆ. ನಂಬರ್ ಏನಾಗುತ್ತದೆ ಎಂದು ನಾನು ಬಿಡಿಸಿ ಬಿಡಿಸಿ ಕೇಳಿದೆ. "ನಂಬರ್ ನಿಮ್ದೇ ಸರ್, ಎಲ್ಲೂ ಹೋಗಲ್ಲ. ಒಂದು ಫಾರ್ಮ್ ತುಂಬಿದ್ರೆ ಈ ಕಡೆ ಬರುತ್ತೆ" ಎಂದರು.

ಅದು ಶುದ್ಧ ಸುಳ್ಳು. ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ 2011ರಲ್ಲಿ ದೇಶಕ್ಕೆಲ್ಲ ಬಂದದ್ದು ಮೊಬೈಲ್‌ಗೆ ಮಾತ್ರ. ಲ್ಯಾಂಡ್‌ಲೈನ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹಾಗೆ ಒಯ್ಯಲು ಬರುವುದಿಲ್ಲ. ಹಳೆ ಲೈನ್ ಸರೆಂಡರ್ ಆದ ಮೇಲೆ ನಮ್ಮ ಕೈಗೆ ಬಂದದ್ದು ಬೇರೆಯೇ ನಂಬರ್. ಫಾರ್ವರ್ಡ್ ಮಾಡೋಣ ಎಂದರೆ ಹಳೆ ಲೈನ್ ಜೀವಂತ ಇದ್ದರೆ ತಾನೆ? ವಾಪಸ್ ಕೇಳಲು ಹೋದರೆ ಆ ನಂಬರ್ ಸಿಗಲಿಲ್ಲ. ಇದೊಂದು ನಷ್ಟವನ್ನು ಯಾವ ದುಡ್ಡೂ ತುಂಬಿಕೊಡುವುದಿಲ್ಲ. ತೋಟದವರು ಹಳೆ ನಂಬರಿಗೆ ಮಾಡುತ್ತಾರೆ, ಹೋಗುವುದಿಲ್ಲ, ಅಂಗಡಿ ಮುಚ್ಚಿದರೇನೋ ಎಂದುಕೊಳ್ಳುತ್ತಾರೆ. ಸಂತೆಯಲ್ಲಿ ಸಿಕ್ಕಿದ ಒಬ್ಬರು ನನ್ನನ್ನೇ ಹಾಗೆ ಕೇಳಿದರು.

ಹೊಸ ಫೋನ್ ಮೊದಮೊದಲು ಚೆನ್ನಾಗಿಯೇ ಇತ್ತು. ಚಳಿಗಾಲ, ಕರೆಂಟ್ ಇದೆ, ಫೋನ್ ಕಡಿಮೆ. ತೊಂದರೆ ಶುರುವಾದದ್ದು ಹೂಮಳೆ ತಡವಾದಾಗ. ಫೆಬ್ರವರಿ-ಮಾರ್ಚ್‌ನಲ್ಲಿ ಮಳೆ ಬಾರದಿದ್ದರೆ ರೊಬಸ್ಟಾ ತೋಟದವರು ಸ್ಪ್ರಿಂಕ್ಲರ್ ಹಾಕಿ ಹೂವಿಗೆ ನೀರು ಕೊಡಲೇಬೇಕು. ಆಗ ಪಂಪ್ ಕೆಟ್ಟರೆ ಒಂದು ದಿನವೂ ಕಾಯುವ ಹಾಗಿಲ್ಲ. ಆಲ್ದೂರು ಕಡೆಯ ಒಂದು ತೋಟದ ರೈಟರ್ ಫೋನ್ ಮಾಡಿ ಪಂಪಿನ ಮೆಕ್ಯಾನಿಕಲ್ ಸೀಲ್ ಕೇಳಿದರು. ಸೈಜ್ ಹೇಳಿದ್ದು ನಮ್ಮ ಹುಡುಗನಿಗೆ "...ವತ್ತೈದು" ಎಂದಷ್ಟೇ ಕೇಳಿಸಿತು. ಮೂವತ್ತೈದೋ, ನಲವತ್ತೈದೋ, ಐವತ್ತೈದೋ? ಇನ್ನೊಮ್ಮೆ ಹೇಳಿ ಎಂದ. ಆ ಕಡೆಯಿಂದ, "ಅಣ್ಣಾ, ನಿಮ್ ಮಾತು ಕಟ್ ಕಟ್ ಆಗ್ತಿದೆ." ಮತ್ತೆ ಹೇಳಿದ್ದು ನಲವತ್ತೈದು ಎಂದು ಕೇಳಿಸಿತು, ಅದನ್ನೇ ಬಸ್ಸಿಗೆ ಹಾಕಿದ. ಬೇಕಾಗಿದ್ದದ್ದು ಮೂವತ್ತೈದು. ಸರಿಯಾದ ಸೀಲ್ ತೋಟ ತಲುಪುವಷ್ಟರಲ್ಲಿ ಮಾರನೇ ದಿನ ಮಧ್ಯಾಹ್ನ. ಅಷ್ಟೂ ಹೊತ್ತು ಪಂಪ್ ನಿಂತಿತ್ತು. ಆ ರೈಟರ್ ಮಾಲೀಕರಿಂದ ಬೈಸಿಕೊಂಡರು. ಅವರ ತಪ್ಪೇನೂ ಇರಲಿಲ್ಲ ಎಂಬುದು ನನಗೆ ಇವತ್ತಿಗೂ ಸಂಕಟ.

ಫೋನ್ ಕಂಪನಿಗೆ ದೂರು ಕೊಟ್ಟರೆ "ನಮ್ಮ ಕಡೆ ಎಲ್ಲ ಸರಿ ಇದೆ ಸರ್, ನಿಮ್ಮ ಇಂಟರ್ನೆಟ್ ಚೆಕ್ ಮಾಡಿಸಿ" ಎನ್ನುತ್ತಾರೆ. ಇಂಟರ್ನೆಟ್‌ನವರು ಬಂದು ಮೊಬೈಲ್‌ನಲ್ಲಿ ಸ್ಪೀಡ್ ತೋರಿಸಿ "ಫುಲ್ ಸ್ಪೀಡ್ ಬರ್ತಿದೆ ನೋಡಿ ಅಣ್ಣ" ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ ಇರಬಹುದು. ಯಾಕೆಂದರೆ ಫೋನಿಗೆ ಸ್ಪೀಡ್ ಜಾಸ್ತಿ ಬೇಕಾಗಿಲ್ಲ. ಒಂದು ಕರೆಗೆ ಹೋಗಲು, ಬರಲು ತಲಾ 100 ಕೆಬಿಪಿಎಸ್ ಇದ್ದರೆ ಸಾಕು. ಇಂಟರ್ನೆಟ್‌ನಲ್ಲಿ ಮಾತು ಸಣ್ಣ ಸಣ್ಣ ತುಣುಕುಗಳಾಗಿ ಹೋಗುತ್ತದೆ. ಬೇಕಾದದ್ದು ಆ ತುಣುಕುಗಳು ಒಂದೂ ಕಳೆಯದೆ, ಒಂದೇ ಸಮನೆ ಬಂದು ಸೇರುವುದು. ಮಾತು ಒಂದು ಕಡೆಯಿಂದ ಇನ್ನೊಂದು ಕಡೆ ತಲುಪಲು 150 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು ಎಂಬುದು ಐಟಿಯು ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಲೆಕ್ಕ. ತುಣುಕುಗಳು ಒಂದು ಬೇಗ, ಒಂದು ತಡ ಬಂದರೆ ಮಾತು ತುಂಡುತುಂಡಾಗುತ್ತದೆ. ಯೂಟ್ಯೂಬ್ ಮುಂಚೆಯೇ ಸ್ವಲ್ಪ ತುಂಬಿಸಿಕೊಂಡು ಓಡುತ್ತದೆ, ಫೋನ್ ಮಾತಿಗೆ ಆ ಪುರುಸೊತ್ತಿಲ್ಲ.

ಕೊನೆಗೆ ಊರಿನಲ್ಲೇ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನೊಬ್ಬ ಬಂದು ಕೂತು ನೋಡಿದ. ಗೋಡೌನ್‌ನ ಸಿಸಿ ಕ್ಯಾಮೆರಾಗಳು ಹಗಲೂ ರಾತ್ರಿ ವಿಡಿಯೋ ಇಂಟರ್ನೆಟ್‌ಗೆ ಕಳಿಸುತ್ತಿದ್ದವು. ಅಪ್‌ಲೋಡ್ ದಾರಿ ಅದರಲ್ಲೇ ತುಂಬಿ ಹೋಗುತ್ತಿತ್ತು. ರೌಟರ್‌ನಲ್ಲಿ ಫೋನಿಗೆ ಮೊದಲ ಆದ್ಯತೆ ಕೊಡುವ ಸೆಟ್ಟಿಂಗ್ ಯಾರೂ ಮಾಡಿರಲಿಲ್ಲ. ಇನ್ನೊಂದು, ಇಂಟರ್ನೆಟ್ ಕರೆಗಳಲ್ಲಿ ರೌಟರ್ ತಾನೇ ಕೈಯಾಡಿಸುವ ಎಸ್‌ಐಪಿ ಎಎಲ್‌ಜಿ ಎಂಬ ಸೆಟ್ಟಿಂಗ್ ಆನ್ ಇತ್ತು. ಕೆಲವೊಮ್ಮೆ ನಮ್ಮ ಮಾತು ಅವರಿಗೆ ಕೇಳುತ್ತಿತ್ತು, ಅವರದ್ದು ನಮಗೆ ಕೇಳುತ್ತಿರಲಿಲ್ಲ. ಅದನ್ನು ಆಫ್ ಮಾಡಿದ ಮೇಲೆ ಆ ಕಾಟ ನಿಂತಿತು. ಇದನ್ನೆಲ್ಲ ನೋಡಿ ಕೊಡಬೇಕಾದದ್ದು ಹಾಕಿಸಿಕೊಟ್ಟವರು ಅಲ್ವಾ? ದುಡ್ಡು ತಗೊಂಡವರು ಅವರು.

ಮಾತೇನೋ ಸರಿಹೋಯಿತು. ಆಮೇಲೆ ಜೂನ್ ಬಂತು.

ನಮ್ಮ ಮಳೆ ಗೊತ್ತಲ್ಲ. ಗಾಳಿಗೆ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಹಳೆ ತಾಮ್ರದ ಫೋನಿಗೆ ನಮ್ಮ ಕರೆಂಟ್ ಬೇಕಿರಲಿಲ್ಲ. ಎಕ್ಸ್‌ಚೇಂಜ್‌ನ ಬ್ಯಾಟರಿಯಿಂದಲೇ 48 ವೋಲ್ಟ್ ಅದೇ ವೈರಿನಲ್ಲಿ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನ್ ರಿಂಗ್ ಆಗುತ್ತಿದ್ದದ್ದು ಅದಕ್ಕೇ. ಇಂಟರ್ನೆಟ್ ಫೋನಿಗೆ ಫೈಬರ್ ಬಾಕ್ಸ್, ರೌಟರ್, ಸ್ವಿಚ್, ಫೋನ್ ಎಲ್ಲಕ್ಕೂ ಕರೆಂಟ್ ಬೇಕು. ನಾವು ಯುಪಿಎಸ್ ಹಾಕಿಸಿದೆವು. ಆದರೂ ಸ್ವಲ್ಪ ಹೊತ್ತಿಗೆ ಫೋನ್ ಸತ್ತಿತು. ಲೋಕಲ್ ಇಂಟರ್ನೆಟ್‌ನವರ ಸ್ವಿಚ್ ಯಾವುದೋ ಕಟ್ಟಡದ ಮೆಟ್ಟಿಲ ಕೆಳಗೆ ಇತ್ತು, ಅದರ ಬ್ಯಾಟರಿ ಖಾಲಿಯಾಗಿತ್ತು. ನಮ್ಮ ಅಂಗಡಿಯ ಬಾಕ್ಸ್‌ಗಳಲ್ಲಿ ದೀಪ ಉರಿಯುತ್ತಲೇ ಇತ್ತು, ಫೈಬರ್ ಬಾಕ್ಸ್‌ನಲ್ಲಿ ಒಂದು ಕೆಂಪು ದೀಪ ಬಿಟ್ಟರೆ. ಹಾಗಾಗಿ ಯುಪಿಎಸ್ ಇದೆ ಎಂದು ಧೈರ್ಯವಾಗಿರಬೇಡಿ. ನಿಮ್ಮಿಂದ ಮುಂದಕ್ಕೆ ಎಲ್ಲೆಲ್ಲಿ ಕರೆಂಟ್ ಬೇಕು, ಅಲ್ಲಿ ಎಷ್ಟು ಗಂಟೆ ಬ್ಯಾಕಪ್ ಇದೆ ಎಂದು ಕೇಳಿ. ಫೈಬರ್‌ಗೆ ಬದಲಾಗಿರುವ ಲ್ಯಾಂಡ್‌ಲೈನ್ ಇದ್ದವರೂ ಕೇಳಿ. ಅದೂ ಕರೆಂಟ್ ಇಲ್ಲದಿದ್ದರೆ ನಡೆಯುವುದಿಲ್ಲ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಆಮೇಲೆ ಗೊತ್ತಾದ ಒಂದು ವಿಷಯಕ್ಕೆ. ಅಂಗಡಿಯ ಇಂಟರ್ನೆಟ್ ಹೋದಾಗ ಕರೆ ತಾನಾಗಿಯೇ ಮೊಬೈಲ್‌ಗೆ ಹೋಗುವ ಹಾಗೆ ಮಾಡಲು ಬರುತ್ತದೆ. ಕರೆಯನ್ನು ತಿರುಗಿಸುವ ಯಂತ್ರ ಇರುವುದು ಕಂಪನಿಯ ಕಡೆ, ನಮ್ಮ ಅಂಗಡಿಯಲ್ಲಲ್ಲ. ಆ ಸೌಲಭ್ಯ ಅವರ ಹತ್ತಿರ ಇತ್ತು. ನಮಗೆ ಆನ್ ಮಾಡಿರಲಿಲ್ಲ, ಹೇಳಿಯೂ ಇರಲಿಲ್ಲ. ಇದೊಂದು ಇದ್ದಿದ್ದರೆ ಮಳೆಗಾಲದ ನಮ್ಮ ಕರೆಗಳು ಉಳಿಯುತ್ತಿದ್ದವು.

ಇಂಟರ್ನೆಟ್ ಫೋನೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಾಲ್ಕೈದು ಊರಲ್ಲಿ ಬ್ರಾಂಚ್ ಇದ್ದವರಿಗೆ, ದಿನವಿಡೀ ಹೊರಗೆ ಕರೆ ಮಾಡುವ ಆಫೀಸಿಗೆ, ಬೇರೆ ಬೇರೆ ಕಂಪನಿಯ ಎರಡು ಇಂಟರ್ನೆಟ್ ಲೈನ್ ಇದ್ದವರಿಗೆ ಅದು ನಿಜವಾಗಿ ಅನುಕೂಲ. ಒಳಗೆ ಬರುವ ಕರೆಯ ಮೇಲೆ ಬದುಕುವ ನಮ್ಮಂಥವರು, ಅದರಲ್ಲೂ ಮಲೆನಾಡಿನಲ್ಲಿ ಇರುವವರು, ಬೇರೆ ಥರ ಯೋಚನೆ ಮಾಡಬೇಕು. ನನ್ನನ್ನು ಕೇಳಿದರೆ, ಅಂಗಡಿಯಲ್ಲಿ ಯಾವ ಬಾಕ್ಸೂ ಇಲ್ಲದೆ, ಒಂದು ನಂಬರಿಗೆ ಬಂದ ಕರೆ ಮಾಮೂಲಿ ಮೊಬೈಲ್‌ಗಳಿಗೆ ಹೋಗುವ ವ್ಯವಸ್ಥೆಯೇ ನಮಗೆ ಸರಿ. ಈಗ ನಾವು ಅದನ್ನೇ ಇಟ್ಟುಕೊಂಡಿದ್ದೇವೆ.

ಬಾಕ್ಸ್ ಇರುವುದೇ ಬೇಕು ಎನ್ನುವವರು ಮೊದಲು ಹೊಸ ನಂಬರ್‌ನಲ್ಲಿ ನಡೆಸಿ ನೋಡಿ. ಹಳೆ ಲೈನಿನ ತಿಂಗಳ ಬಾಡಿಗೆ ಕಟ್ಟುತ್ತಾ ಜೂನ್‌ನಿಂದ ಸೆಪ್ಟೆಂಬರ್ ಕಳೆಯಲಿ. ಕ್ಯಾಮೆರಾ, ಬಿಲ್ಲಿಂಗ್ ಎಲ್ಲ ಓಡುತ್ತಿರುವಾಗಲೇ ಕರೆ ಮಾಡಿ ಪರೀಕ್ಷೆ ಮಾಡಿ. ಬೆಳಗ್ಗೆ ಖಾಲಿ ಹೊತ್ತಲ್ಲಿ ಮಾಡಿದರೆ ಏನೂ ಗೊತ್ತಾಗುವುದಿಲ್ಲ. 112ಕ್ಕೆ ಕರೆ ಹೋಗುತ್ತದೆಯೇ, ಹೋದರೆ ಯಾವ ವಿಳಾಸ ತೋರಿಸುತ್ತದೆ ಎಂದು ಕಂಪನಿಯವರನ್ನೇ ಕೇಳಿ. ವಿದೇಶಿ ಕರೆ ಬೇಡದಿದ್ದರೆ ಲಾಕ್ ಮಾಡಿಸಿ. ಪಾಸ್‌ವರ್ಡ್ ಸುಲಭದ್ದಿದ್ದರೆ ಕಳ್ಳರು ರಾತ್ರಿ ನಿಮ್ಮ ಲೈನಿನಿಂದ ವಿದೇಶಕ್ಕೆ ಕರೆ ಹರಿಸುತ್ತಾರೆ, ಬಿಲ್ ನಿಮ್ಮ ಹೆಸರಿಗೆ ಬರುತ್ತದೆ.

ಕಂಪನಿಗೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಇದೆಯೇ ಎಂದೂ ನೋಡಿ. ಲೈಸೆನ್ಸ್ ಇಲ್ಲದೆ ಇಂಟರ್ನೆಟ್ ಕರೆಯನ್ನು ಮಾಮೂಲಿ ಫೋನಿಗೆ ಸೇರಿಸುವುದು ಕಾನೂನಿಗೆ ವಿರುದ್ಧ. ನೀವು ಮಾಡಿದ ಕರೆ ಎದುರಿನವರಿಗೆ ಯಾವುದೋ ಗೊತ್ತಿಲ್ಲದ ಮೊಬೈಲ್ ನಂಬರ್ ಆಗಿ ಕಂಡರೆ ತಕ್ಷಣ ನಿಲ್ಲಿಸಿ. ರಾಶಿ ಸಿಮ್ ಇಟ್ಟುಕೊಂಡು ಕಳ್ಳ ಎಕ್ಸ್‌ಚೇಂಜ್ ನಡೆಸುವವರ ಮೇಲೆ ಪೊಲೀಸರು ದಾಳಿ ಮಾಡುತ್ತಾರೆ. ಆ ತಲೆನೋವು ನಿಮಗೆ ಬೇಡ.

ಇಷ್ಟು ದಿನದೊಳಗೆ ಸರಿಯಾಗದಿದ್ದರೆ ದಂಡವಿಲ್ಲದೆ ಬಿಡಬಹುದು, ಡೆಪಾಸಿಟ್ ಇಷ್ಟು ದಿನದಲ್ಲಿ ವಾಪಸ್, ಕರೆ ಕಟ್ ಆದರೆ ನೋಡಲು ಬರುವವರು ಇವರು ಎಂಬ ಮೂರನ್ನೂ ಅಗ್ರಿಮೆಂಟ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಒಪ್ಪಬೇಡಿ. ನಮ್ಮ ಡೆಪಾಸಿಟ್ ಇನ್ನೂ ಬಂದಿಲ್ಲ. ಆ ಏಜೆಂಟ್ ಈಗ ನಮ್ಮ ಫೋನ್ ಎತ್ತುವುದಿಲ್ಲ.